ಮುಖ ಕಾಣುವ ಕ್ಯಾಮೆರಾ: ಮನೆಗೆ, ಅಂಗಡಿಗೆ ಸಿಸಿಟಿವಿ ಆರಿಸುವ ಬಗೆ

ಮೂರು ವರ್ಷದ ಹಿಂದೆ ತಿಪಟೂರಿನ ಹತ್ತಿರ ಇರುವ ನಮ್ಮ ಚಿಕ್ಕಪ್ಪನ ಅಂಗಡಿಗೆ ಕಳ್ಳರು ನುಗ್ಗಿದರು. ಮುಂದೆ ಕಿರಾಣಿ, ಹಿಂದಿನ ಕೋಣೆಯಲ್ಲಿ ಕೊಬ್ಬರಿ ಚೀಲ. ಬೆಳಿಗ್ಗೆ ಆರಕ್ಕೆ ಷಟರ್ ಒಡೆದದ್ದು ಗೊತ್ತಾಯಿತು. ಅಂಗಡಿಯಲ್ಲಿ ನಾಲ್ಕು ಕ್ಯಾಮೆರಾ ಇದ್ದವು. "ಕ್ಯಾಮೆರಾ ಇದೆಯಲ್ಲ, ಸಿಕ್ಕೇ ಸಿಗ್ತಾರೆ" ಅಂತ ಅಕ್ಕಪಕ್ಕದವರೆಲ್ಲ ಧೈರ್ಯ ಹೇಳಿದರು.

ಆರೂವರೆಗೆ ರೆಕಾರ್ಡಿಂಗ್ ಹಾಕಿದರೆ ಅದು ರಾತ್ರಿ ಒಂದು ಗಂಟೆಗೇ ನಿಂತಿತ್ತು. ಕಳ್ಳರೇ ವೈರ್ ಕಿತ್ತಿರಬೇಕು ಅಂದುಕೊಂಡೆವು. ಪರದೆಯ ಮೂಲೆ ನೋಡಿದ್ದು ಆಮೇಲೆ. ನಮ್ಮ ಕೈಗಡಿಯಾರದಲ್ಲಿ ಆರೂಮುಕ್ಕಾಲು, ಪರದೆಯ ಮೇಲೆ ಒಂದೂಕಾಲು. ಸರಿಯಾಗಿ ಐದೂವರೆ ಗಂಟೆ ಹಿಂದೆ. ಯಂತ್ರವನ್ನು ಕೂರಿಸಿದವರು ಅದನ್ನು ಗ್ರೀನಿಚ್ ಸಮಯದಲ್ಲೇ ಬಿಟ್ಟು ಹೋಗಿದ್ದರು. ಕಳ್ಳತನದ ದೃಶ್ಯ ಸಿಕ್ಕಿದ್ದು ಹಿಂದಿನ ರಾತ್ರಿ ಒಂಬತ್ತು ಹತ್ತು ಅನ್ನುವ ಜಾಗದಲ್ಲಿ. ಅಂದರೆ ನಿಜವಾದ ಹೊತ್ತು ಎರಡು ನಲವತ್ತು. ಇಬ್ಬರು ಬಂದದ್ದು ಕಂಡಿತು, ಚೀಲ ಹೊತ್ತದ್ದು ಕಂಡಿತು. ಮುಖ ಇರಬೇಕಾದ ಜಾಗದಲ್ಲಿ ಎರಡು ಬಿಳಿ ಮಚ್ಚೆ.

ಅದಾದ ಮೇಲೆ ಈ ವಿಷಯದ ಹಿಂದೆ ಬಿದ್ದೆ. ನಮ್ಮ ಮನೆಗೆ, ಅದೇ ಅಂಗಡಿಗೆ, ಇಬ್ಬರು ನೆಂಟರ ಮನೆಗೆ ಕ್ಯಾಮೆರಾ ಹಾಕಿಸುವಾಗ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಯಾವ ಕಂಪನಿ ಒಳ್ಳೇದು?" ಅಂತ. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಆ ಕೆಟ್ಟ ದಿನ ಬಂದರೆ ನನಗೆ ಏನು ಕಾಣಬೇಕು? ಮೊದಲ ಪ್ರಶ್ನೆ ಇದು. ಮಿಕ್ಕದ್ದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ.

ಹೆಜ್ಜೆ 1: ಒಂದು ಹಾಳೆ, ಒಂದು ಪೆನ್ಸಿಲ್

ಮನೆಯ ಅಥವಾ ಅಂಗಡಿಯ ನಕ್ಷೆಯನ್ನು ಹಾಳೆಯ ಮೇಲೆ ಗೀಚಿ. ಅಳತೆ ಕರಾರುವಾಕ್ಕಾಗಿ ಬೇಕಿಲ್ಲ. ಗೇಟು, ಮುಂಬಾಗಿಲು, ಹಿತ್ತಿಲ ಬಾಗಿಲು, ತಾರಸಿಗೆ ಹತ್ತುವ ಮೆಟ್ಟಿಲು, ಗಾಡಿ ನಿಲ್ಲಿಸುವ ಜಾಗ, ಅಂಗಡಿಯಾದರೆ ಗಲ್ಲಾ ಮತ್ತು ಗೋದಾಮು. ಒಳಗೆ ಬರುವವನು ಎಲ್ಲಿಂದ ಬರಬಹುದು ಅಂತ ಬಾಣ ಹಾಕಿ. ನಂತರ ಒಂದೊಂದು ಜಾಗದ ಪಕ್ಕದಲ್ಲೂ ಏನು ಬೇಕು ಅಂತ ಬರೆಯಿರಿ. ಮೂರು ಬಗೆ ಇರುತ್ತವೆ:

- ಯಾರೋ ಬಂದರು ಅಂತ ಗೊತ್ತಾದರೆ ಸಾಕು
- ಬಂದವರು ನಮಗೆ ಪರಿಚಯದವರಾ ಅಂತ ಗೊತ್ತಾಗಬೇಕು
- ಅಪರಿಚಿತನ ಮುಖವನ್ನು ಪೊಲೀಸರಿಗೆ ತೋರಿಸುವಷ್ಟು ಚೆನ್ನಾಗಿ ಕಾಣಬೇಕು

ಕಾಂಪೌಂಡಿನ ಉದ್ದಕ್ಕೂ ಮೊದಲನೆಯದು ಸಾಕು. ಮುಂಬಾಗಿಲು ಮತ್ತು ಗಲ್ಲಾದ ಹತ್ತಿರ ಮೂರನೆಯದೇ ಬೇಕು. ಈ ಎರಡು ಕೆಲಸವನ್ನು ಒಂದೇ ಕ್ಯಾಮೆರಾದಿಂದ ಮಾಡಿಸಲು ಹೋಗುವುದೇ ಹೆಚ್ಚಿನ ಜನ ಎಡವುವ ಜಾಗ. ಚಿಕ್ಕಪ್ಪನ ನಾಲ್ಕೂ ಕ್ಯಾಮೆರಾಗಳು ಮೂಲೆಯಲ್ಲಿ, ಸೂರಿಗೆ ಹತ್ತಿ ಕೂತು, ಇಡೀ ಅಂಗಡಿಯನ್ನು ತೋರಿಸುತ್ತಿದ್ದವು. ನೋಡಲು ಚೆಂದವಾಗಿತ್ತು. ಒಂದೂ ಮುಖ ಸಿಗುವಂತಿರಲಿಲ್ಲ.

ಹೆಜ್ಜೆ 2: ಲೆನ್ಸ್ ಮತ್ತು ದೂರದ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಂಗಡಿಯವರು "ಫುಲ್ ಎಚ್‌ಡಿ ಸಾರ್, ಸೂಪರ್ ಕ್ಲಾರಿಟಿ" ಅಂತ ಹೇಳಿ ಮುಗಿಸಿಬಿಡುತ್ತಾರೆ. ಕ್ಲಾರಿಟಿ ಅನ್ನುವುದು ದೂರದ ಜೊತೆ ಸೇರಿದ ಮಾತು.

2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಚುಕ್ಕೆ (ಪಿಕ್ಸೆಲ್). ಕ್ಯಾಮೆರಾ ಕಣ್ಗಾವಲಿಗೆ ಇರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಪರಿಚಿತನ ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಚುಕ್ಕೆ ಬೇಕು. ಪರಿಚಯದವರನ್ನು ಗುರುತಿಸಲು 125 ಸಾಕು. ಯಾರೋ ಇದ್ದಾರೆ ಅಂತ ಗೊತ್ತಾಗಲು 25 ಸಾಕು. 1920ನ್ನು 250ರಿಂದ ಭಾಗಿಸಿದರೆ ಸುಮಾರು 7.7 ಮೀಟರ್. ಅಂದರೆ ಕ್ಯಾಮೆರಾ 7.7 ಮೀಟರ್‌ಗಿಂತ ಅಗಲದ ಜಾಗವನ್ನು ನೋಡುತ್ತಿದ್ದರೆ ಅಲ್ಲಿ ನಿಂತ ಅಪರಿಚಿತನ ಮುಖ ನಿಮಗೆ ಸಿಗುವುದಿಲ್ಲ.

ಎಷ್ಟು ಅಗಲ ನೋಡುತ್ತದೆ ಅನ್ನುವುದನ್ನು ಲೆನ್ಸ್ ತೀರ್ಮಾನಿಸುತ್ತದೆ. ಡಬ್ಬದ ಮೇಲೆ 2.8 ಮಿಲಿಮೀಟರ್, 3.6 ಮಿಲಿಮೀಟರ್, 6 ಮಿಲಿಮೀಟರ್ ಅಂತ ಬರೆದಿರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ಮುಖ ಚಿಕ್ಕದು. 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಪರಿಚಿತನ ಮುಖ ಸಿಗುವ ದೂರ ಅಂದಾಜು ಹೀಗಿರುತ್ತದೆ:

- 2.8 ಮಿಲಿಮೀಟರ್: 10 ಅಡಿ
- 3.6 ಮಿಲಿಮೀಟರ್: 14 ಅಡಿ
- 6 ಮಿಲಿಮೀಟರ್: 25 ಅಡಿ
- 12 ಮಿಲಿಮೀಟರ್: 55 ಅಡಿ

ಇದು ಹಗಲಿನ ಒಳ್ಳೆ ಬೆಳಕಿನ ಲೆಕ್ಕ. ರಾತ್ರಿ ಇನ್ನೂ ಕಡಿಮೆ. ಮನೆಯ ಮೂಲೆಯಿಂದ ಗೇಟು 25 ಅಡಿ ದೂರ ಇದ್ದು, ಅಲ್ಲಿಗೆ 2.8ರ ಕ್ಯಾಮೆರಾ ಹಾಕಿಸಿದರೆ ಗೇಟಿನಲ್ಲಿ ನಿಂತವನ ಅಂಗಿಯ ಬಣ್ಣ ಹೇಳಬಹುದು, ಅಷ್ಟೆ. 4 ಮೆಗಾಪಿಕ್ಸೆಲ್‌ಗೆ ಹೋದರೆ ಈ ದೂರ ಮೂರನೇ ಒಂದು ಪಾಲು ಜಾಸ್ತಿಯಾಗುತ್ತದೆ. 8ಕ್ಕೆ ಹೋದರೆ ಎರಡು ಪಟ್ಟು. ಆದರೆ ಸುಮ್ನೆ ಮೆಗಾಪಿಕ್ಸೆಲ್ ಏರಿಸುವುದಕ್ಕಿಂತ ಸರಿಯಾದ ಲೆನ್ಸ್ ಆರಿಸುವುದು ಅಗ್ಗ.

ಎತ್ತರವೂ ಅಷ್ಟೇ ಮುಖ್ಯ. 12 ಅಡಿ ಎತ್ತರದಿಂದ ನೋಡುವ ಕ್ಯಾಮೆರಾಗೆ ಹತ್ತಿರ ಬಂದವನ ನೆತ್ತಿ ಮಾತ್ರ ಕಾಣುತ್ತದೆ. ತಲೆಗೆ ಟೋಪಿ ಇದ್ದರೆ ಅದೂ ಇಲ್ಲ. ಹೊರಗಡೆ ಕೈಗೆ ಸಿಗದಂತೆ 8ರಿಂದ 9 ಅಡಿಯಲ್ಲಿ ಹಾಕಿಸಿ. ಒಳಗೆ ಗಲ್ಲಾದ ಹಿಂದೆ ಒಂದು ಕ್ಯಾಮೆರಾವನ್ನು ಆರಡಿ ಎತ್ತರದಲ್ಲಿ, ಗಿರಾಕಿಯ ಮುಖಕ್ಕೆ ನೇರವಾಗಿ ಹಾಕಿಸಿ. ಬಂದವರು ಹಣ ಕೊಡುವಾಗ ನೋಡುವುದೇ ಆ ಕಡೆ. ಬ್ಯಾಂಕುಗಳಲ್ಲಿ "ಹೆಲ್ಮೆಟ್ ತೆಗೆದು ಒಳಗೆ ಬನ್ನಿ" ಅಂತ ಬೋರ್ಡ್ ಇರುತ್ತದಲ್ಲ, ಚಿನ್ನದಂಗಡಿ, ಮೊಬೈಲ್ ಅಂಗಡಿಯವರು ಅದನ್ನು ಹಾಕಿಕೊಳ್ಳಲೇಬೇಕು. ಹೆಲ್ಮೆಟ್ ಒಳಗಿನ ಮುಖವನ್ನು ತೋರಿಸುವ ಕ್ಯಾಮೆರಾ ಇನ್ನೂ ಬಂದಿಲ್ಲ.

ಗಾಡಿಯ ನಂಬರ್ ಪ್ಲೇಟ್ ಬೇಕು ಅನ್ನುವವರಿಗೆ ಒಂದು ಮಾತು. ಹಗಲು, ನಿಂತ ಗಾಡಿ ಆದರೆ ಸಾಮಾನ್ಯ ಕ್ಯಾಮೆರಾ ಹಿಡಿಯುತ್ತದೆ. ರಾತ್ರಿ ಓಡುವ ಗಾಡಿಯ ಹೆಡ್‌ಲೈಟ್ ಮುಂದೆ ಅದು ಸೋಲುತ್ತದೆ. ಅದಕ್ಕೆಂದೇ ಮಾಡಿದ ಕ್ಯಾಮೆರಾ ಬೇರೆ ಇದೆ, ಬೆಲೆ ಜಾಸ್ತಿ.

ಹೆಜ್ಜೆ 3: ರಾತ್ರಿ ಮತ್ತು ಎದುರು ಬೆಳಕು

ಚಿಕ್ಕಪ್ಪನ ಅಂಗಡಿಯ ಆ ಬಿಳಿ ಮಚ್ಚೆಗೆ ಕಾರಣ ಇನ್‌ಫ್ರಾರೆಡ್ ದೀಪ. ಕತ್ತಲಾದ ಮೇಲೆ ಕ್ಯಾಮೆರಾ ಕಣ್ಣಿಗೆ ಕಾಣದ ಬೆಳಕು ಬಿಟ್ಟು ಕಪ್ಪುಬಿಳುಪು ಚಿತ್ರ ತೆಗೆಯುತ್ತದೆ. ತೀರಾ ಹತ್ತಿರದ ಮುಖಕ್ಕೆ ಆ ಬೆಳಕು ಹೊಡೆದರೆ ಮುಖವೇ ಬೆಳ್ಳಗಾಗಿ ಅಳಿಸಿಹೋಗುತ್ತದೆ. ಪಕ್ಕದಲ್ಲಿ ಸುಣ್ಣ ಹೊಡೆದ ಗೋಡೆಯೋ ಸೂರೋ ಇದ್ದರೂ ಬೆಳಕು ಅಲ್ಲಿಂದ ವಾಪಸ್ ಬಂದು ಚಿತ್ರ ಮಂಜಾಗುತ್ತದೆ. 'ಸ್ಮಾರ್ಟ್ ಐಆರ್' ಇರುವ ಕ್ಯಾಮೆರಾ ಹತ್ತಿರದ ವಸ್ತುವಿಗೆ ತಕ್ಕಂತೆ ಬೆಳಕನ್ನು ತಾನೇ ತಗ್ಗಿಸುತ್ತದೆ. ಕೊಳ್ಳುವಾಗ ಕೇಳಿ.

ಇನ್ನೊಂದು ಬಗೆ, ರಾತ್ರಿಯೂ ಬಣ್ಣದಲ್ಲೇ ತೋರಿಸುವ ಕ್ಯಾಮೆರಾ. ಅದಕ್ಕೆ ಸ್ವಲ್ಪವಾದರೂ ಬೆಳಕು ಬೇಕು, ಇಲ್ಲವಾದರೆ ಅದರದೇ ಬಿಳಿ ದೀಪ ಹತ್ತುತ್ತದೆ. ನನಗೆ ಕೇಳಿದರೆ ಮುಂಬಾಗಿಲಲ್ಲಿ ರಾತ್ರಿಯಿಡೀ ಉರಿಯುವ ಒಂದು 9 ವಾಟ್ ಎಲ್‌ಇಡಿ ಬಲ್ಬು ಹಾಕಿ ಅನ್ನುತ್ತೇನೆ. ಎಂಥ ಕ್ಯಾಮೆರಾದ ಚಿತ್ರವೂ ಅದರಿಂದ ಸುಧಾರಿಸುತ್ತದೆ, ಕಳ್ಳನಿಗೂ ಇರುಸುಮುರುಸು.

ಅಂಗಡಿಯವರಿಗೆ ಹಗಲಲ್ಲೂ ಒಂದು ತೊಂದರೆ ಇದೆ. ಒಳಗಿನಿಂದ ಷಟರ್ ಕಡೆ ನೋಡುವ ಕ್ಯಾಮೆರಾಗೆ ಹೊರಗಿನ ಬಿಸಿಲು ಎದುರಾಗುತ್ತದೆ. ಒಳಗೆ ಬರುವವರೆಲ್ಲ ಕಪ್ಪು ನೆರಳು. ಇದಕ್ಕೆ ಡಬ್ಲ್ಯುಡಿಆರ್ ಅನ್ನುವ ಸೌಲಭ್ಯ ಬೇಕು. ಡಬ್ಬದ ಮೇಲೆ '120 ಡಿಬಿ' ಅಂತ ಇದ್ದರೆ ಅದು ನಿಜವಾದದ್ದು. 'ಡಿ-ಡಬ್ಲ್ಯುಡಿಆರ್' ಅಂತ ಇದ್ದರೆ ಸಾಫ್ಟ್‌ವೇರ್‌ನಲ್ಲಿ ಮಾಡಿದ ಸಣ್ಣ ತಿದ್ದುಪಡಿ ಮಾತ್ರ. ಷಟರ್ ಕಡೆಯ ಕ್ಯಾಮೆರಾಗೆ ಅದು ಸಾಲದು.

ಮಲೆನಾಡಿನವರು, ತೋಟದ ಮನೆಯವರು ಇದನ್ನೂ ನೆನಪಿಡಿ. ಕ್ಯಾಮೆರಾದ ದೀಪಕ್ಕೆ ಹುಳ ಬರುತ್ತವೆ, ಹುಳ ಹಿಡಿಯಲು ಜೇಡ ಬಂದು ಬಲೆ ಕಟ್ಟುತ್ತದೆ. ರಾತ್ರಿ ಒಂದೇ ಒಂದು ಎಳೆ ಲೆನ್ಸ್ ಮುಂದೆ ಇದ್ದರೂ ಹಗ್ಗದಷ್ಟು ದಪ್ಪಗೆ ಹೊಳೆಯುತ್ತದೆ. ಗಾಳಿಗೆ ಅದು ಅಲ್ಲಾಡಿದಾಗಲೆಲ್ಲ ಮೊಬೈಲಿಗೆ ಎಚ್ಚರಿಕೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಪೊರಕೆ ಆಡಿಸಿ.

ಹೆಜ್ಜೆ 4: ಯಾವ ಬಗೆಯ ವ್ಯವಸ್ಥೆ?

ನಮ್ಮಲ್ಲಿ ಜಾಸ್ತಿ ಓಡುವುದು ಅನಲಾಗ್ ಎಚ್‌ಡಿ ಕ್ಯಾಮೆರಾ ಮತ್ತು ಡಿವಿಆರ್, ಅಂದರೆ ರೆಕಾರ್ಡ್ ಮಾಡಿಡುವ ಪೆಟ್ಟಿಗೆ. ಒಂದೊಂದು ಕ್ಯಾಮೆರಾದಿಂದಲೂ ಒಂದು ಕೇಬಲ್ ಡಿವಿಆರ್‌ಗೆ ಬರುತ್ತದೆ. ಕೆಲಸದವರು ಅದನ್ನು '3+1' ಅನ್ನುತ್ತಾರೆ, ಚಿತ್ರಕ್ಕೆ ಒಂದು, ಕರೆಂಟ್ ಮತ್ತು ಧ್ವನಿಗೆ ಮೂರು ಎಳೆ. ಅಗ್ಗ, ಗಟ್ಟಿ, ಯಾವ ತಾಲ್ಲೂಕು ಕೇಂದ್ರದಲ್ಲೂ ರಿಪೇರಿ ಮಾಡುವವರು ಸಿಗುತ್ತಾರೆ. ನಾಲ್ಕರಿಂದ ಎಂಟು ಕ್ಯಾಮೆರಾದ ಮನೆ, ಅಂಗಡಿಗೆ ನನ್ನ ಆಯ್ಕೆ ಈಗಲೂ ಇದೇ.

ನೆಟ್‌ವರ್ಕ್ ಮೂಲಕ ಓಡುವ ಐಪಿ ಕ್ಯಾಮೆರಾ ಮತ್ತು ಅದರ ರೆಕಾರ್ಡಿಂಗ್ ಪೆಟ್ಟಿಗೆಯಾದ ಎನ್‌ವಿಆರ್ ಎರಡನೆಯದು. ಕಂಪ್ಯೂಟರಿಗೆ ಹಾಕುವಂಥ ನೆಟ್‌ವರ್ಕ್ ಕೇಬಲ್ ಒಂದರಲ್ಲೇ ಕರೆಂಟೂ ಚಿತ್ರವೂ ಹೋಗುತ್ತದೆ, ಇದಕ್ಕೆ ಪಿಒಇ ಅನ್ನುತ್ತಾರೆ. ಒಂದು ಎಳೆತಕ್ಕೆ 100 ಮೀಟರ್ ಮಿತಿ. ದೊಡ್ಡ ಕಟ್ಟಡ, ಶಾಲೆ, ಕಲ್ಯಾಣ ಮಂಟಪ, ಕಾರ್ಖಾನೆ, ಹದಿನಾರಕ್ಕಿಂತ ಜಾಸ್ತಿ ಕ್ಯಾಮೆರಾ ಇದ್ದರೆ ಇದೇ ಸರಿ. ಹೊಸ ಮನೆ ಕಟ್ಟುತ್ತಿದ್ದೀರಾ? ಗೋಡೆ ಕೆತ್ತುವಾಗಲೇ ಗೇಟಿಗೆ, ನಾಲ್ಕು ಮೂಲೆಗೆ ಪೈಪ್ ಇಡಿಸಿ, ನೆಟ್‌ವರ್ಕ್ ಕೇಬಲ್ ಎಳೆಸಿಬಿಡಿ. ಕ್ಯಾಮೆರಾ ಆಮೇಲೆ ಯಾವಾಗ ಬೇಕಾದರೂ ಹಾಕಬಹುದು.

ವೈಫೈ ಕ್ಯಾಮೆರಾ ಮೂರನೆಯದು. ಎರಡು-ಮೂರು ಸಾವಿರಕ್ಕೆ ಸಿಗುತ್ತದೆ, ನೀವೇ ಕೂರಿಸಬಹುದು. ಬಾಡಿಗೆ ಮನೆಗೆ, ಊರಲ್ಲಿರುವ ವಯಸ್ಸಾದ ಅಪ್ಪ ಅಮ್ಮನನ್ನು ಬೆಂಗಳೂರಿನಿಂದಲೋ ದುಬೈನಿಂದಲೋ ಮಾತಾಡಿಸಲು ಇದು ಒಳ್ಳೆಯದು. ಆದರೆ ರೆಕಾರ್ಡಿಂಗ್ ಕ್ಯಾಮೆರಾದ ಒಳಗಿನ ಕಾರ್ಡಿನಲ್ಲೇ ಇರುತ್ತದೆ. ಕಳ್ಳ ಕ್ಯಾಮೆರಾ ಕಿತ್ತುಕೊಂಡು ಹೋದರೆ ಸಾಕ್ಷಿಯೂ ಅವನ ಜೇಬಿಗೆ ಹೋಯಿತು. ಹಾಗಾಗಿ ಇದನ್ನು ಮನೆಯೊಳಗೆ ಇಡಿ, ಇಲ್ಲವೇ ರೆಕಾರ್ಡಿಂಗನ್ನು ಇಂಟರ್‌ನೆಟ್‌ನಲ್ಲಿ ಇಟ್ಟುಕೊಳ್ಳುವ ಕ್ಲೌಡ್ ಸೇವೆಗೆ ಹಣ ಕಟ್ಟಿ. ಕಲ್ಲಿನ ಗೋಡೆಯ ಹಳೆ ಮನೆಗಳಲ್ಲಿ ವೈಫೈ ಹಿತ್ತಿಲವರೆಗೆ ಬರುವುದಿಲ್ಲ. ಕೊಳ್ಳುವ ಮೊದಲು ಮೊಬೈಲ್ ಹಿಡಿದು ಆ ಜಾಗದಲ್ಲಿ ಒಂದು ವಿಡಿಯೊ ಕಾಲ್ ಮಾಡಿ ನೋಡಿ.

ಅಡಿಕೆ ಒಣಗಿಸುವ ಅಂಗಳ, ಕಾಫಿ ಕಣ, ತೋಟದ ಪಂಪ್‌ಹೌಸ್ ಇಂಥ ಕಡೆ ವೈರೂ ಇಲ್ಲ, ಬ್ರಾಡ್‌ಬ್ಯಾಂಡೂ ಇಲ್ಲ. ಅಲ್ಲಿಗೆ ಸಿಮ್ ಹಾಕುವ 4ಜಿ ಸೋಲಾರ್ ಕ್ಯಾಮೆರಾ ಬಂದಿದೆ. ಎರಡು ವಿಷಯ ಗೊತ್ತಿರಲಿ. ಬ್ಯಾಟರಿ ಉಳಿಸಲು ಇವು ಸಾಮಾನ್ಯವಾಗಿ ಯಾರಾದರೂ ಓಡಾಡಿದಾಗ ಮಾತ್ರ ಎಚ್ಚರಾಗಿ ರೆಕಾರ್ಡ್ ಮಾಡುತ್ತವೆ, ಇಡೀ ದಿನ ಅಲ್ಲ. ಮತ್ತೆ, 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವೇಗದಲ್ಲಿ ಒಂದು ಗಂಟೆ ಲೈವ್ ನೋಡಿದರೆ 900 ಎಂಬಿ ಖರ್ಚು. ದಿನಕ್ಕೆ 1.5 ಜಿಬಿ ಪ್ಯಾಕ್ ಎರಡು ಗಂಟೆಯೂ ಬರುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರಿನವರು ಬ್ಯಾಟರಿ ಎಷ್ಟು ದಿನ ತಡೆಯುತ್ತದೆ ಅಂತ ಕೇಳಿಯೇ ತಗೊಳ್ಳಿ.

ಹೆಜ್ಜೆ 5: ಎಷ್ಟು ದಿನದ ರೆಕಾರ್ಡಿಂಗ್ ಬೇಕು?

ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹಳೆಯದು ಅಳಿಸಿ ಅದರ ಮೇಲೆ ಹೊಸದು ಕೂರುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದಾಗ ಕಳ್ಳತನ ಗೊತ್ತಾದರೆ, ಹತ್ತೇ ದಿನದ ರೆಕಾರ್ಡಿಂಗ್ ಇದ್ದರೆ ಏನು ಪ್ರಯೋಜನ, ಅಲ್ವಾ?

ಲೆಕ್ಕ ಸುಲಭ. ವಿಡಿಯೊ ಕುಗ್ಗಿಸುವ ಎಚ್.265 ಅನ್ನುವ ಹೊಸ ವಿಧಾನದಲ್ಲಿ 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು 2 ಎಂಬಿಪಿಎಸ್‌ಗೆ ಇಟ್ಟರೆ ದಿನಕ್ಕೆ 21ರಿಂದ 22 ಜಿಬಿ. ನಾಲ್ಕು ಕ್ಯಾಮೆರಾಗೆ ದಿನಕ್ಕೆ 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬುತ್ತದೆ. ಒಂದು ತಿಂಗಳು ಬೇಕಾದರೆ 2.6 ಟಿಬಿ ಬೇಕು, ಅಂದರೆ 4 ಟಿಬಿ ಡಿಸ್ಕ್ ಹಾಕಿಸುವುದು ನೆಮ್ಮದಿ. ಹಳೆಯ ಎಚ್.264 ಆದರೆ ಇದರ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ವೈಫೈ ಕ್ಯಾಮೆರಾದ 128 ಜಿಬಿ ಕಾರ್ಡಿಗೆ ಐದಾರು ದಿನ. ಸೆಕೆಂಡಿಗೆ 25 ಚೌಕಟ್ಟು (ಫ್ರೇಮ್) ಬೇಕಿಲ್ಲ, 15 ಸಾಕು. ಓಡಾಟ ಇದ್ದಾಗ ಮಾತ್ರ ರೆಕಾರ್ಡ್ ಮಾಡುವಂತೆ ಇಟ್ಟರೆ ದಿನಗಳು ಜಾಸ್ತಿ ಸಿಗುತ್ತವೆ. ಆದರೆ ಗಲ್ಲಾ ಮತ್ತು ಮುಂಬಾಗಿಲಿಗೆ ಹಾಗೆ ಮಾಡಬೇಡಿ, ಇಡೀ ದಿನ ಓಡಲಿ.

ಡಿಸ್ಕ್ ಯಾವುದು ಅಂತಲೂ ನೋಡಿ. ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಇವು ದಿನದ 24 ಗಂಟೆ ಬರೆಯಲೆಂದೇ ಮಾಡಿದವು. ಹಳೆ ಕಂಪ್ಯೂಟರಿನಿಂದ ಕಿತ್ತ ಡಿಸ್ಕ್ ಹಾಕಿ ಬಿಲ್ ಕಡಿಮೆ ಮಾಡುವವರಿದ್ದಾರೆ. ಸೀಲ್ ಒಡೆಯುವುದು ನಿಮ್ಮ ಕಣ್ಣೆದುರೇ ಆಗಲಿ.

ವ್ಯಾಪಾರಸ್ಥರಿಗೆ ಇಲ್ಲಿ ಕಾನೂನೂ ಇದೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯ ಪ್ರಕಾರ, ಒಮ್ಮೆಗೆ 100 ಜನ ಅಥವಾ ದಿನಕ್ಕೆ 500 ಜನ ಬಂದು ಹೋಗುವ ಜಾಗಗಳಲ್ಲಿ ಕ್ಯಾಮೆರಾ ಕಡ್ಡಾಯ, ರೆಕಾರ್ಡಿಂಗ್ 30 ದಿನ ಇಟ್ಟಿರಬೇಕು. ಸೂಪರ್ ಮಾರ್ಕೆಟ್, ಆಸ್ಪತ್ರೆ, ಶಾಲೆ, ದೇವಸ್ಥಾನ ಎಲ್ಲ ಇದರೊಳಗೆ ಬರುತ್ತವೆ. ದರ್ಶಿನಿ ಹೋಟೆಲ್ ನಡೆಸುವವರಿಗೆ ದಿನಕ್ಕೆ 500 ಜನ ದೊಡ್ಡ ಸಂಖ್ಯೆಯೇನಲ್ಲ, ಎಣಿಸಿ ನೋಡಿ.

ಹೆಜ್ಜೆ 6: ಕರೆಂಟು, ಸಿಡಿಲು, ಕೇಬಲ್

ನಾಲ್ಕು ಕ್ಯಾಮೆರಾ, ಡಿವಿಆರ್, ರೂಟರ್ ಎಲ್ಲ ಸೇರಿ ಸುಮಾರು 50 ವಾಟ್ ಎಳೆಯುತ್ತವೆ. 150 ಎಎಚ್ ಬ್ಯಾಟರಿಯ ಮನೆ ಇನ್ವರ್ಟರ್ ಇಷ್ಟನ್ನೇ ಹೊತ್ತರೆ ಹದಿನೆಂಟು ಇಪ್ಪತ್ತು ಗಂಟೆ ಓಡಿಸುತ್ತದೆ. ಇನ್ವರ್ಟರ್ ಲೈನಿಗೇ ಸೇರಿಸಿ, ರೂಟರನ್ನು ಮರೆಯಬೇಡಿ.

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಸುಟ್ಟುಹೋಗುವ ಡಿವಿಆರ್‌ಗಳು ಬಹಳ. ಹೊರಗೆ ಎಳೆದ ಉದ್ದನೆ ಕೇಬಲ್ ಸಿಡಿಲಿನ ಕರೆಂಟನ್ನು ನೇರ ಮನೆಯೊಳಗೆ ತರುತ್ತದೆ. ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರೀಷಿಯನ್ ಹತ್ತಿರ ನೋಡಿಸಿ, ಹಠಾತ್ ಏರುವ ಕರೆಂಟನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ತೋಟದ ಮನೆಗೆ ಇದು ಐಚ್ಛಿಕ ಖರ್ಚಲ್ಲ.

ಕೇಬಲ್ ವಿಷಯದಲ್ಲಿ ಒಂದು ಗುಟ್ಟು. ಅಗ್ಗದ ಕೇಬಲ್ ಒಳಗೆ ಅಲ್ಯೂಮಿನಿಯಂ ಇದ್ದು ಮೇಲೆ ತಾಮ್ರದ ಲೇಪ ಇರುತ್ತದೆ. ದೂರ ಎಳೆದಾಗ 12 ವೋಲ್ಟ್ ಕರೆಂಟು ಕ್ಯಾಮೆರಾವನ್ನು ತಲುಪುವಷ್ಟರಲ್ಲಿ ಕುಸಿದಿರುತ್ತದೆ. ಹಗಲೆಲ್ಲ ಕ್ಯಾಮೆರಾ ಚೆನ್ನಾಗಿ ಓಡುತ್ತದೆ. ಕತ್ತಲಾಗಿ ಇನ್‌ಫ್ರಾರೆಡ್ ದೀಪ ಹತ್ತಿದ ಕೂಡಲೇ ಕರೆಂಟ್ ಸಾಲದೆ ಆರಿಹೋಗುತ್ತದೆ, ಮತ್ತೆ ಹತ್ತುತ್ತದೆ, ಮತ್ತೆ ಆರುತ್ತದೆ. ನಮ್ಮ ನೆಂಟರೊಬ್ಬರು ಇದಕ್ಕಾಗಿ ಎರಡು ಕ್ಯಾಮೆರಾ ಬದಲಾಯಿಸಿದ್ದರು. ಕೆಟ್ಟಿದ್ದದ್ದು ಕೇಬಲ್. ಬಿಲ್ಲಿನಲ್ಲಿ 'ಪೂರ್ತಿ ತಾಮ್ರ' ಅಂತ ಬರೆಸಿಕೊಳ್ಳಿ, ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ.

ಹೊರಗಿನ ಕ್ಯಾಮೆರಾಗೆ ಧೂಳು, ನೀರು ತಡೆಯುವ ಐಪಿ66 ಅಥವಾ ಐಪಿ67 ದರ್ಜೆ ಇರಲಿ. ಕಾರವಾರ, ಉಡುಪಿ, ಮಂಗಳೂರಿನ ಕಡೆ ಉಪ್ಪುಗಾಳಿಗೆ ಕಬ್ಬಿಣದ ಸ್ಕ್ರೂಗಳು ಬೇಗ ತುಕ್ಕು ಹಿಡಿಯುತ್ತವೆ, ಸ್ಟೇನ್‌ಲೆಸ್ ಸ್ಕ್ರೂ ಕೇಳಿ. ಕೇಬಲ್ ಜೋಡಣೆ ಮಳೆಗೆ ಒಡ್ಡಿಕೊಂಡಿರಬಾರದು, ಕ್ಯಾಮೆರಾದ ಹಿಂದೆ ಮುಚ್ಚಳದ ಡಬ್ಬಿಯೊಳಗೆ ಇರಬೇಕು.

ಡಿವಿಆರ್ ಎಲ್ಲಿ ಇಡುತ್ತೀರಿ? ಟಿವಿ ಪಕ್ಕದಲ್ಲಿ ಇಟ್ಟರೆ ಕಳ್ಳ ಮೊದಲು ಎತ್ತುವುದೇ ಅದನ್ನು. ಗಾಳಿ ಆಡುವ, ಬೀಗ ಇರುವ ಬೀರುವೋ ಅಟ್ಟವೋ ಆಗಲಿ.

ಹೆಜ್ಜೆ 7: ಕಂಪನಿ, ಪಾಸ್‌ವರ್ಡ್, ಒಡೆತನ

ಈಗ ಕಂಪನಿಯ ಪ್ರಶ್ನೆಗೆ ಬರೋಣ. 2024ರ ಏಪ್ರಿಲ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ನಿಯಮಗಳನ್ನು ತಂದಿತು. 2025ರ ಏಪ್ರಿಲ್ 9ರಿಂದ ಅದು ಜಾರಿಯಲ್ಲಿದೆ. ಮಾಡೆಲ್‌ಗೆ ಎಸ್‌ಟಿಕ್ಯುಸಿ (ಅದೇ ಸಚಿವಾಲಯದ ಪರೀಕ್ಷಾ ಸಂಸ್ಥೆ) ಪ್ರಮಾಣಪತ್ರ ಇದೆಯಾ ಅಂತ ಮಾಡೆಲ್ ಸಂಖ್ಯೆ ಹೇಳಿಯೇ ಕೇಳಿ. "ಕಂಪನಿಗೆ ಇದೆ" ಅನ್ನುವ ಉತ್ತರ ಸಾಲದು. ಹಳೆ ದಾಸ್ತಾನನ್ನು ಅರ್ಧ ಬೆಲೆಗೆ ಕೊಡುತ್ತೇವೆ ಅಂದರೆ ಬೇಡ ಅನ್ನಿ.

ಇಷ್ಟೆಲ್ಲ ಯಾಕೆ? 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೊದಲಿದವು. ಹಿಂದಿದ್ದದ್ದು ಮಿರಾಯ್ ಎಂಬ ಮಾಲ್‌ವೇರ್. ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬದಲಾಯಿಸದೆ ಬಿಟ್ಟ ಕ್ಯಾಮೆರಾ, ಡಿವಿಆರ್, ರೂಟರ್‌ಗಳೊಳಗೆ ಅದು ಹೊಕ್ಕು, ಅವುಗಳಿಂದಲೇ ದಾಳಿ ಮಾಡಿಸಿತ್ತು. ನಮ್ಮ ಮನೆಯ ಕ್ಯಾಮೆರಾಗೆ 'ಅಡ್ಮಿನ್ 12345' ಇದ್ದರೆ ಹೊಕ್ಕವರು ನಮ್ಮ ಪಡಸಾಲೆಯನ್ನೂ ನೋಡಬಲ್ಲರು.

ನಮ್ಮ ಕಡೆ ಇದಕ್ಕಿಂತ ಸಾಮಾನ್ಯವಾದ ತೊಂದರೆ ಇನ್ನೊಂದು. ಹಾಕುವ ಹುಡುಗ ತನ್ನ ಮೊಬೈಲಿನಿಂದಲೇ ಆ್ಯಪ್‌ನಲ್ಲಿ ನೋಂದಾಯಿಸಿ, ನಿಮಗೆ ಬರಿ 'ಶೇರ್' ಮಾಡಿ ಹೋಗುತ್ತಾನೆ. ಯಂತ್ರ ನಿಮ್ಮದು, ಖಾತೆ ಅವನದು. ಅವನಲ್ಲಿ ಕೆಟ್ಟ ಉದ್ದೇಶ ಇಲ್ಲದಿರಬಹುದು, ಬೇಗ ಮುಗಿಯಲಿ ಅಂತ ಹಾಗೆ ಮಾಡುತ್ತಾನೆ. ಆದರೂ ನಿಮ್ಮ ಮನೆಯ ಬಾಗಿಲು ಅವನ ಮೊಬೈಲಿನಲ್ಲಿ ಇರಬಾರದು. ಖಾತೆ ನಿಮ್ಮ ನಂಬರಿನಲ್ಲಿ, ನಿಮ್ಮ ಕೈಯಿಂದಲೇ ತೆರೆಯಿರಿ. ಅಡ್ಮಿನ್ ಪಾಸ್‌ವರ್ಡ್ ನೀವೇ ಒತ್ತಿ, ಡೈರಿಯಲ್ಲಿ ಬರೆದಿಡಿ. ಒಟಿಪಿ ಕೇಳುವ ಎರಡು ಹಂತದ ಲಾಗಿನ್ ಇದ್ದರೆ ಹಾಕಿಕೊಳ್ಳಿ. ಅವರು ಹೊರಡುವ ಮೊದಲು 'ಶೇರ್ ಆದವರು' ಪಟ್ಟಿ ತೆಗೆದು ನೋಡಿ.

ಹೆಜ್ಜೆ 8: ಎಲ್ಲಿ ಹಾಕಬಾರದು

ಪಕ್ಕದ ಮನೆಯ ಕಿಟಕಿ, ಬಚ್ಚಲು, ಅವರ ಅಂಗಳ ನಿಮ್ಮ ಕ್ಯಾಮೆರಾದಲ್ಲಿ ಕಾಣಬಾರದು. ಕೋನ ತಿರುಗಿಸಲು ಆಗದಿದ್ದರೆ 'ಪ್ರೈವೆಸಿ ಮಾಸ್ಕ್' ಅಂತ ಸೆಟ್ಟಿಂಗ್ ಇದೆ, ಆ ಭಾಗಕ್ಕೆ ಕಪ್ಪು ಚೌಕ ಹಾಕಬಹುದು. ಹಾಕಿದ ಮೇಲೆ ಪಕ್ಕದವರನ್ನು ಕರೆದು ಮೊಬೈಲಿನಲ್ಲಿ ತೋರಿಸಿಬಿಡಿ. ವರ್ಷಗಳ ಜಗಳ ಐದು ನಿಮಿಷದಲ್ಲಿ ತಪ್ಪುತ್ತದೆ.

ಅಂಗಡಿ, ಹೋಟೆಲಿನಲ್ಲಿ ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆಯ ಹತ್ತಿರವೂ ಬೇಡ. ಬಟ್ಟೆ ಬದಲಾಯಿಸುವ ಹೆಣ್ಣುಮಕ್ಕಳನ್ನು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಅಡಿ ಜೈಲಿಗೆ ಹೋಗುವ ಅಪರಾಧ. ಕೆಲಸಗಾರರಿಗೆ ಕ್ಯಾಮೆರಾ ಇದೆ ಅಂತ ಹೇಳಿ, ಬಾಗಿಲಲ್ಲಿ ಬೋರ್ಡ್ ಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತ, ಮನೆಯ ಬಳಕೆಯನ್ನು ಹೊರಗಿಟ್ಟಿದೆ. ವ್ಯಾಪಾರಕ್ಕೆ ಆ ವಿನಾಯಿತಿ ಇಲ್ಲ.

ಮನೆಯೊಳಗೂ ಹಿಡಿತ ಇರಲಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ಹಾದಿಯಲ್ಲಿ 2025ರಲ್ಲಿ ಕಲ್ಕತ್ತಾ ಹೈಕೋರ್ಟ್, ಒಂದೇ ಮನೆಯಲ್ಲಿ ವಾಸಿಸುವ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಓಡಿಸುವಂತಿಲ್ಲ ಅಂದಿತು. ಸುಪ್ರೀಂ ಕೋರ್ಟ್ ಅದನ್ನು ಬದಲಾಯಿಸಲಿಲ್ಲ. ಕೂಡುಕುಟುಂಬದವರು, ಅತ್ತೆ-ಸೊಸೆ ಇರುವ ಮನೆಯವರು, ಕೆಲಸದವರು ರಾತ್ರಿ ತಂಗುವ ಮನೆಯವರು ಕೇಳಿಯೇ ಹಾಕಿಸಿ. ಮಲಗುವ ಕೋಣೆಗೆ ಬೇಡವೇ ಬೇಡ.

ಹೆಜ್ಜೆ 9: ಕೊಟೇಶನ್

ಕನಿಷ್ಠ ಮೂವರಿಂದ ತರಿಸಿ. "ಫುಲ್ ಸೆಟ್ ಹದಿನೆಂಟು ಸಾವಿರ" ಅನ್ನುವ ಒಂದು ಸಾಲಿನ ಕೊಟೇಶನ್ ವಾಪಸ್ ಕೊಡಿ. ಕ್ಯಾಮೆರಾದ ಮಾಡೆಲ್ ಸಂಖ್ಯೆ, ಲೆನ್ಸ್, ಡಿಸ್ಕಿನ ಗಾತ್ರ, ಕೇಬಲ್ ಮೀಟರಿಗೆ ಎಷ್ಟು, ಕೂಲಿ, ಜಿಎಸ್‌ಟಿ, ವಾರಂಟಿ ಎಲ್ಲ ಬೇರೆ ಬೇರೆ ಬರೆದಿರಲಿ. ನಿಮ್ಮ ಪೆನ್ಸಿಲ್ ನಕ್ಷೆಯನ್ನು ಅವರ ಮುಂದೆ ಇಡಿ. ಯಾರು ಅದನ್ನು ನೋಡಿ "ಇಲ್ಲಿಗೆ 6ರ ಲೆನ್ಸ್ ಬೇಕಾಗುತ್ತೆ" ಅಂತ ತಾವೇ ಹೇಳುತ್ತಾರೋ ಅವರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಹೆಜ್ಜೆ 10: ಹಾಕಿದ ದಿನದ ರಾತ್ರಿ

ಪೂರ್ತಿ ಹಣವನ್ನು ಹಗಲಲ್ಲೇ ಕೊಡಬೇಡಿ. ಸ್ವಲ್ಪ ಉಳಿಸಿಕೊಂಡು ರಾತ್ರಿ ಪರೀಕ್ಷೆ ಮಾಡಿ. ಮನೆಯವರೊಬ್ಬರು ಗೇಟಿನಿಂದ ಬಾಗಿಲವರೆಗೆ ನಡೆದು ಬರಲಿ. ಲೈವ್ ನೋಡಿ ತೃಪ್ತಿಪಡಬೇಡಿ, ರೆಕಾರ್ಡ್ ಆದದ್ದನ್ನು ಹಾಕಿ, ನಿಲ್ಲಿಸಿ, ಮುಖ ದೊಡ್ಡದು ಮಾಡಿ. ಆ ಮನುಷ್ಯನನ್ನು ಎಂದೂ ನೋಡದ ಒಬ್ಬರಿಗೆ ಚಿತ್ರ ತೋರಿಸಿ, ನಾಳೆ ಬೀದಿಯಲ್ಲಿ ಕಂಡರೆ ಗುರುತು ಹಿಡಿಯುತ್ತೀರಾ ಅಂತ ಕೇಳಿ.

ಗಡಿಯಾರವನ್ನು ಮೊಬೈಲಿನ ಜೊತೆ ಹೋಲಿಸಿ. ಟೈಮ್ ಜೋನ್ ಜಿಎಂಟಿ +5:30 ಇರಬೇಕು, ಇಂಟರ್‌ನೆಟ್‌ನಿಂದ ತಾನೇ ಸರಿಮಾಡಿಕೊಳ್ಳುವ ಎನ್‌ಟಿಪಿ ಆನ್ ಆಗಿರಬೇಕು. ಮೇನ್ ಸ್ವಿಚ್ ಆರಿಸಿ ಹಾಕಿ, ಗಡಿಯಾರ ಹಾಗೇ ಇದೆಯಾ ನೋಡಿ.

ಕೊನೆಗೆ ಪೆನ್‌ಡ್ರೈವ್ ಚುಚ್ಚಿ ಹತ್ತು ನಿಮಿಷದ ರೆಕಾರ್ಡಿಂಗ್ ತೆಗೆಯಿರಿ, ಬೇರೆ ಕಂಪ್ಯೂಟರಿನಲ್ಲಿ ಓಡುತ್ತದಾ ನೋಡಿ. ಇದನ್ನು ಮನೆಯಲ್ಲಿ ಇಬ್ಬರಾದರೂ ಕಲಿತಿರಲಿ. ಏನಾದರೂ ಆದ ದಿನ ಮೊದಲು ಮಾಡಬೇಕಾದ ಕೆಲಸ ಇದೇ, ತಡವಾದರೆ ಅಳಿಸಿಹೋಗುತ್ತದೆ. ಮೊಬೈಲಿನಲ್ಲಿ ಪರದೆಯ ವಿಡಿಯೊ ತೆಗೆದು ವಾಟ್ಸ್‌ಆ್ಯಪ್ ಮಾಡಿದರೆ ಕೋರ್ಟಿಗೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಯಾವ ಯಂತ್ರದಿಂದ, ಹೇಗೆ ತೆಗೆದದ್ದು ಅಂತ ಅದರಲ್ಲಿ ಬರೆಯಬೇಕಾಗುತ್ತದೆ. ಹಾಗಾಗಿ ಡಿವಿಆರ್‌ನ ಬಿಲ್ಲನ್ನು, ಅದರ ಸೀರಿಯಲ್ ನಂಬರನ್ನು ಎತ್ತಿಡಿ. ತನಿಖೆ ಮುಗಿಯುವವರೆಗೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ.

ತಿಪಟೂರಿನ ಅಂಗಡಿಯಲ್ಲಿ ಈಗ ಐದು ಕ್ಯಾಮೆರಾ ಇವೆ. ಹಳೆಯ ನಾಲ್ಕರಲ್ಲಿ ಮೂರು ಅಲ್ಲೇ ಇವೆ, ಕೋನ ಮಾತ್ರ ಬದಲಾಗಿದೆ. ಗಲ್ಲಾದ ಹಿಂದೆ ಆರಡಿಯಲ್ಲಿ ಒಂದು, ಷಟರಿಗೆ ಒಂದು ಹೊಸದು. ಪ್ರತಿ ತಿಂಗಳ ಒಂದನೇ ತಾರೀಖು ಚಿಕ್ಕಪ್ಪ ಲೆನ್ಸ್ ಒರೆಸುತ್ತಾರೆ, ಪರದೆಯ ಗಡಿಯಾರವನ್ನು ಗೋಡೆ ಗಡಿಯಾರದ ಜೊತೆ ನೋಡುತ್ತಾರೆ, ಹಿಂದಿನ ತಿಂಗಳ ಎರಡನೇ ತಾರೀಖಿನ ರೆಕಾರ್ಡಿಂಗ್ ಇನ್ನೂ ಇದೆಯಾ ಅಂತ ಒಮ್ಮೆ ಹಾಕಿ ನೋಡುತ್ತಾರೆ.